ಪಂಪಾಂಗ್: ಸಮರಿಂದಾ ನಗರದ ಅಂಚಿನ ದಯಾಕ್ ಹಳ್ಳಿಗೆ ಹೋಗುವ ಮುನ್ನ

ಮಹಕಮ್ ದಂಡೆ:

ಎಲ್ಲರಿಗೂ ನಮಸ್ಕಾರ. ಇಂಡೋನೇಷ್ಯಾದ ಬಾಲಿಕ್‌ಪಾಪನ್‌ನಲ್ಲಿ ಕೆಲಸ ಮಾಡುವ ಕನ್ನಡಿಗ ನಾನು. ಇತ್ತೀಚೆಗೆ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರು. ತಲೆ ಕಡಿಯುವ ಕಾಡುಜನ, ಹೊರಜಗತ್ತೇ ಗೊತ್ತಿಲ್ಲದ ಹಳ್ಳಿ ಅಂತೆಲ್ಲ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದರಲ್ಲಿ ತೋರಿಸಿದ್ದು ಪಂಪಾಂಗ್. ಬಿಡುವು ಸಿಕ್ಕಾಗಲೆಲ್ಲ ನಾನು ಹೋಗಿಬರುವ ಊರು. ನೋಡಿ ನಿಜಕ್ಕೂ ಬೇಜಾರಾಯಿತು. ನಮ್ಮ ಕಡೆಯಿಂದ ಬೋರ್ನಿಯೋಗೆ ಬರುವವರು ಈಗೀಗ ಕಾಣಿಸುತ್ತಿದ್ದಾರೆ. ಅವರಿಗಾದರೂ ಸರಿಯಾದ ವಿಷಯ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಪಂಪಾಂಗ್ ಯಾವ ದಟ್ಟ ಕಾಡಿನ ನಡುವೆಯೂ ಇಲ್ಲ. ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಅನ್ನುತ್ತಾರೆ. ಅದರ ಪೂರ್ವ ಕಾಲಿಮಂತಾನ್ ಪ್ರಾಂತ್ಯದ ರಾಜಧಾನಿ ಸಮರಿಂದಾ. ಮಹಕಮ್ ನದಿಯ ಎರಡೂ ದಂಡೆಗೆ ಹಬ್ಬಿರುವ, ಎಂಟು ಲಕ್ಷ ಜನಸಂಖ್ಯೆ ದಾಟಿದ ನಗರ. ಅಲ್ಲಿಂದ ಬೊಂಟಾಂಗ್ ರಸ್ತೆ ಹಿಡಿದು ಉತ್ತರಕ್ಕೆ 20-25 ಕಿ.ಮೀ. ಹೋಗಿ ಒಳಗೆ ತಿರುಗಿದರೆ ಪಂಪಾಂಗ್. ಸರಕಾರಿ ಲೆಕ್ಕದಲ್ಲಿ ಅದು ಸಮರಿಂದಾ ನಗರದ್ದೇ ಒಂದು ವಾರ್ಡು. 2018ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಕೂಡ ಅದೇ ಸೀಮೆಯಲ್ಲಿದೆ. ಮನೆಗಳ ಮುಂದೆ ಸ್ಕೂಟರ್ ನಿಂತಿರುತ್ತವೆ, ಹುಡುಗರ ಕೈಯಲ್ಲಿ ಮೊಬೈಲ್ ಇರುತ್ತದೆ. ವಿಡಿಯೋ ಮಾಡಿದವರು ಇವನ್ನೆಲ್ಲ ಕಾಣದ ಹಾಗೆ ಕ್ಯಾಮೆರಾ ತಿರುಗಿಸಿದ್ದಾರೆ.

ಅಲ್ಲಿರುವವರು ಕೆನ್ಯಾ ಪಂಗಡದ ದಯಾಕರು. ಆಫ್ರಿಕಾದ ದೇಶಕ್ಕೂ ಇವರಿಗೂ ಸಂಬಂಧ ಇಲ್ಲ. ದಯಾಕ್ ಅಂದರೆ ಒಂದೇ ಬುಡಕಟ್ಟು ಅಂತಲೂ ಅಲ್ಲ. ಕೆನ್ಯಾ, ಕಯಾನ್, ಬಹಾವು, ಬೆನುವಾಕ್, ಇಬಾನ್, ನ್ಗಾಜು ಹೀಗೆ ಬೋರ್ನಿಯೋ ಒಳನಾಡಿನ ಎಷ್ಟೋ ಜನಗಳಿಗೆ ಅದು ಒಟ್ಟು ಹೆಸರು. ಭಾಷೆ ಬೇರೆ, ನಡವಳಿಕೆ ಬೇರೆ.

ಇವರ ಮೂಲ ಅಪೊ ಕಯಾನ್. ಕಯಾನ್ ನದಿ ಹುಟ್ಟುವ ಎತ್ತರದ ನಾಡು, ಮಲೇಷ್ಯಾದ ಸರವಾಕ್ ಗಡಿಗೆ ಅಂಟಿಕೊಂಡಿದೆ. ನದಿ ಇದೆ ನಿಜ, ಆದರೆ ಅದರಲ್ಲೇ ಇಳಿದು ಸಮುದ್ರ ಮುಟ್ಟಲಾಗದು. ನಡುವೆ ಬ್ರೆಮ್-ಬ್ರೆಮ್ ಅನ್ನುವ ಭಯಂಕರ ರಭಸದ ಜಾಗ ದೋಣಿಗೆ ದಾರಿಯನ್ನೇ ಬಿಡುವುದಿಲ್ಲ. ಉಪ್ಪು, ಬಟ್ಟೆ ಬೇಕಾದರೆ ಗಂಡಸರು ಗುಂಪು ಕಟ್ಟಿಕೊಂಡು ಗುಡ್ಡ ದಾಟಿ ಹೋಗಬೇಕಿತ್ತು. ಆ ಪ್ರಯಾಣಕ್ಕೆ ಪೆಸೆಲೈ ಅನ್ನುತ್ತಾರೆ. ಹೋದವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ವಾಪಸು ಬರುತ್ತಿರಲಿಲ್ಲ. ಶಾಲೆ, ಆಸ್ಪತ್ರೆಯ ಮಾತು ಬಿಡಿ. ಅದರ ಮೇಲೆ 1963ರಿಂದ 66ರವರೆಗೆ ಇಂಡೋನೇಷ್ಯಾ-ಮಲೇಷ್ಯಾ ಸಂಘರ್ಷ. ಗಡಿಯಾಚೆಯ ವ್ಯಾಪಾರ, ನೆಂಟಸ್ತಿಕೆ ಎರಡಕ್ಕೂ ಪೆಟ್ಟು ಬಿತ್ತು. ಆ ದಶಕದ ಕೊನೆಗೆ ಹಲವು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಹೊಳೆ ಸಿಕ್ಕಲ್ಲಿ ದೋಣಿ, ಗುಡ್ಡದಲ್ಲಿ ಕಾಲ್ನಡಿಗೆ. ದಾರಿಯಲ್ಲಿ ನಿಂತು, ಕುಮರಿ ಕಡಿದು, ಭತ್ತ ಬೆಳೆದು, ತಿಂದು, ಮತ್ತೆ ಮುಂದಕ್ಕೆ. ಪಂಪಾಂಗ್ ತಲುಪಿದ್ದು 1970ರ ದಶಕದ ಆರಂಭದಲ್ಲಿ. ಅಂದರೆ ಹೊರಜಗತ್ತನ್ನು ಹುಡುಕಿಕೊಂಡು ಇವರೇ ಅಷ್ಟು ದೂರ ಬಂದಿದ್ದಾರೆ. ಅಂಥವರನ್ನು ಹೊರಜಗತ್ತು ಕಾಣದವರು ಅನ್ನುವುದು ಎಷ್ಟು ಸರಿ?

ತಲೆಬೇಟೆ ಹಿಂದೆ ಇತ್ತು, ಇಲ್ಲ ಅನ್ನುವುದಿಲ್ಲ. 1924ರಲ್ಲಿ ಸರವಾಕ್‌ನ ಕಾಪಿಟ್‌ನಲ್ಲಿ ಅಪೊ ಕಯಾನ್ ಜನರೂ ಇಬಾನರೂ ಎದುರುಬದುರು ಕೂತು ದೊಡ್ಡ ರಾಜಿ ಮಾಡಿಕೊಂಡರು. ನೂರು ವರ್ಷದ ಹಿಂದಿನ ಮಾತು ಅದು.

ಮಲೆನಾಡಿನ ಮಗಳು:

ಸರ್, ಓದಿ ಖುಷಿಯಾಯಿತು. ಆದರೆ ಒಂದು ವಿಷಯ ನೇರವಾಗಿಯೇ ಕೇಳುತ್ತೇನೆ. ಟಿಕೆಟ್ ತಗೊಂಡು ಜನ ಒಳಗೆ ಬರುವುದು, ಅವರು ಗರಿ ಸಿಕ್ಕಿಸಿಕೊಂಡು ಕುಣಿಯುವುದು, ಉದ್ದ ಕಿವಿಯ ಅಜ್ಜಿಯ ಪಕ್ಕ ದುಡ್ಡು ಕೊಟ್ಟು ಫೋಟೊ ತೆಗೆಸಿಕೊಳ್ಳುವುದು. ಇದು ಮನುಷ್ಯರ ಪ್ರದರ್ಶನ ಅಲ್ವಾ? ನಮ್ಮಲ್ಲೂ ಯಾವುದಾದರೂ ದೊಡ್ಡ ಸಮಾರಂಭ ಅಂದರೆ ಹಾಡಿಯ ಜನರನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಕುಣಿಸಿ, ಊಟ ಕೊಟ್ಟು ಕಳಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಜಮೀನಿನ ಅರ್ಜಿ ಮಾತ್ರ ಕಚೇರಿಯಲ್ಲಿ ಕೊಳೆಯುತ್ತಿರುತ್ತದೆ. ಪಂಪಾಂಗ್‌ನಲ್ಲಿ ಬೇರೆ ಏನಿದೆ? ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ಮಹಕಮ್ ದಂಡೆ:

ಮೇಡಂ, ನಿಮ್ಮ ಮಾತು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕುಣಿತ ಇರುವುದು ಭಾನುವಾರ ಮಧ್ಯಾಹ್ನ ಎರಡಕ್ಕೆ. ಒಂದು ಗಂಟೆ ಆಸುಪಾಸು ನಡೆಯುತ್ತದೆ. ಬೆಳಗ್ಗೆ ಊರಿನವರು ಚರ್ಚಿಗೆ ಹೋಗುತ್ತಾರೆ. ಕೆನ್ಯಾ ಜನರಲ್ಲಿ ಬಹುಪಾಲು ಪ್ರೊಟೆಸ್ಟೆಂಟ್ ಕ್ರೈಸ್ತರು. ಪ್ರಾರ್ಥನೆ ಮುಗಿಸಿ, ಊಟ ಮಾಡಿ, ವೇಷ ಹಾಕಿಕೊಂಡು ಲಾಮಿನ್‌ಗೆ ಬರುತ್ತಾರೆ. ಲಾಮಿನ್ ಅಂದರೆ ಉದ್ದಮನೆ. ಪಂಪಾಂಗಿನದು ಕಬ್ಬಿಣದಷ್ಟು ಗಟ್ಟಿಯಾದ ಉಲಿನ್ ಮರದ ಕಂಬಗಳ ಮೇಲೆ ನಿಂತಿದೆ. ಗೋಡೆ, ಕಂಬದ ತುಂಬ ಕಪ್ಪು, ಬಿಳಿ, ಹಳದಿ ಬಣ್ಣದ ಬಳ್ಳಿಸುರುಳಿಗಳು. ಸೋಮವಾರದಿಂದ ಶನಿವಾರದವರೆಗೆ ಅದೇ ಜನ ಹೊಲಕ್ಕೋ ಕೂಲಿಗೋ ಕಚೇರಿಗೋ ಕಾಲೇಜಿಗೋ ಹೋಗುತ್ತಾರೆ. ಲಾರಿಯಲ್ಲಿ ತುಂಬಿಕೊಂಡು ಬಂದವರಲ್ಲ, ನೋಡುವವರೇ ಅವರ ಮನೆಬಾಗಿಲಿಗೆ ಬರಬೇಕು. ಮುಖ್ಯ ವ್ಯತ್ಯಾಸ ಇದು ಅಂತ ನನಗನ್ನಿಸುತ್ತದೆ.

ಆದರೆ ಸರಕಾರದ ಪಾತ್ರವನ್ನು ಮುಚ್ಚಿಡಬಾರದು. ಹಿಂದೆ ಕೆನ್ಯಾ ಊರುಗಳಲ್ಲಿ ಹತ್ತಾರು ಕುಟುಂಬಗಳು ಒಂದೇ ಸೂರಿನ ಕೆಳಗೆ ಇರುತ್ತಿದ್ದವು. ಪ್ರತಿ ಕುಟುಂಬಕ್ಕೆ ಒಂದು ಕೋಣೆ, ಎದುರಿಗೆ ಎಲ್ಲರಿಗೂ ಸೇರಿದ ಉದ್ದ ಜಗಲಿ. ಬತ್ತ ಕುಟ್ಟುವುದು, ಬುಟ್ಟಿ ಹೆಣೆಯುವುದು, ಪಂಚಾಯಿತಿ, ಮದುವೆ ಮಾತು ಎಲ್ಲ ಆ ಜಗಲಿಯ ಮೇಲೆ. 1960-70ರ ದಶಕದಲ್ಲಿ ಪುನರ್ವಸತಿ ಯೋಜನೆಗಳು ಬಂದವು. ಉದ್ದಮನೆ ಅಂದರೆ ಗಲೀಜು, ಬೆಂಕಿಗೆ ಸುಲಭದ ತುತ್ತು, ಹಿಂದುಳಿದವರ ಗುರುತು ಅಂತ ಅಧಿಕಾರಿಗಳು ಹೇಳಿದರು. ಕಾಲಿಮಂತಾನ್‌ನ ಎಷ್ಟೋ ಕಡೆ ಅವನ್ನು ಕೆಡವಿಸಿ ಸಾಲುಮನೆ ಕಟ್ಟಿಸಿದರು. ಅದೇ ಸರಕಾರ 1991ರ ಜೂನ್‌ನಲ್ಲಿ ಪಂಪಾಂಗನ್ನು ಸಾಂಸ್ಕೃತಿಕ ಗ್ರಾಮ ಅಂತ ಘೋಷಿಸಿತು. ಆ ಲಾಮಿನ್‌ನಲ್ಲಿ ಇವತ್ತು ಯಾರೂ ವಾಸ ಮಾಡುವುದಿಲ್ಲ. ಅದು ಸಭೆಗೆ, ಹಬ್ಬಕ್ಕೆ, ಕುಣಿತಕ್ಕೆ. ವಾಸದ ಮನೆಗಳು ಸುತ್ತ ಬೇರೆಬೇರೆ ಇವೆ. ಇದು ನನಗೆ ಬಹಳ ನೋವಿನ ವಿಷಯ. ಬದುಕುವ ರೀತಿಯನ್ನು ಕಿತ್ತುಕೊಂಡು, ಆಮೇಲೆ ಅದರ ಗುರುತನ್ನು ಮಾತ್ರ ನಿಲ್ಲಿಸಿದ ಹಾಗಾಯಿತು.

ಇನ್ನು ಅಜ್ಜಿಯರ ಮಾತು. ಮಗುವಾಗಿದ್ದಾಗಲೇ ಕಿವಿ ಚುಚ್ಚಿ, ವಯಸ್ಸಿಗೆ ತಕ್ಕ ಹಾಗೆ ಹಿತ್ತಾಳೆಯ ಬಳೆ ಹೆಚ್ಚಿಸುತ್ತಾ ಹೋಗುತ್ತಿದ್ದರು. ಹಾಲೆ ಭುಜದವರೆಗೂ ಇಳಿಯುತ್ತಿತ್ತು. ಶಾಲೆ ಬಂತು, ಚರ್ಚು ಬಂತು, ಪೇಟೆ ಹತ್ತಿರವಾಯಿತು. ಜನ ನಗಲು ಶುರು ಮಾಡಿದರು. ನಾಚಿಕೆಯಿಂದ ಎಷ್ಟೋ ಹೆಂಗಸರು ಹಾಲೆಯನ್ನೇ ಕತ್ತರಿಸಿ ಹೊಲಿಸಿಕೊಂಡರು. ಮುಂದಿನ ತಲೆಮಾರಿಗೆ ಅದನ್ನು ಮಾಡಲೇ ಇಲ್ಲ. ಹಾಗಾಗಿ ಈಗ ಉಳಿದಿರುವವರು ಬೆರಳೆಣಿಕೆಯ ಮುದುಕಿಯರು. ನಗೆಪಾಟಲಾದರೂ ಕಿವಿ ಕತ್ತರಿಸಿಕೊಳ್ಳದೆ ಉಳಿದವರು ಇವರು. ಇವತ್ತು ಯಾರೋ ಅವರ ಪಕ್ಕ ನಿಂತು ಫೋಟೊ ಬೇಕು ಅಂದಾಗ ಅವರು ದುಡ್ಡು ಕೇಳಿದರೆ ನನಗೆ ಅದು ಭಿಕ್ಷೆಯೂ ಅನ್ನಿಸುವುದಿಲ್ಲ, ಮೋಸವೂ ಅನ್ನಿಸುವುದಿಲ್ಲ. ಸಲ್ಲಬೇಕಾದ ದುಡ್ಡು ಅನ್ನಿಸುತ್ತದೆ. ಕೊಡಲು ಇಷ್ಟ ಇಲ್ಲದವರು ಫೋಟೊ ತೆಗೆಯದಿದ್ದರಾಯಿತು. ದೂರದಿಂದ ಕದ್ದು ಜೂಮ್ ಮಾಡುವುದು ಮಾತ್ರ ಬೇಡ.

ವೀಣೆತಂತಿ:

ನಾನು ಮೈಸೂರಿನಲ್ಲಿ ವೀಣೆ ಕಲಿಸುತ್ತೇನೆ. ಪಂಪಾಂಗ್‌ಗೆ ಹೋದಾಗ ಕುಣಿತಕ್ಕಿಂತ ಜಾಸ್ತಿ ಹೊತ್ತು ಸಪೆ ನುಡಿಸುವವರ ಪಕ್ಕವೇ ಕೂತಿದ್ದೆ. ಅದರ ಬಗ್ಗೆ ಹೇಳಲೇಬೇಕು.

ಸಪೆ ಅಂದರೆ ಒಂದೇ ಮರದ ತುಂಡಿನಿಂದ ಕಡೆದ, ದೋಣಿಯಾಕಾರದ ತಂತಿವಾದ್ಯ. ಹಿಂಬದಿಯಿಂದ ತೋಡಿ ಟೊಳ್ಳು ಮಾಡಿರುತ್ತಾರೆ, ಮುಚ್ಚಳ ಇರುವುದಿಲ್ಲ. ಮುಂಭಾಗದ ತುಂಬ ಆ ಸುರುಳಿ ಚಿತ್ರಗಳು. ಹಿಂದೆ ಎರಡೇ ತಂತಿ ಇರುತ್ತಿತ್ತಂತೆ, ರೋಗ ವಾಸಿ ಮಾಡುವ ಆಚರಣೆಯಲ್ಲಿ ನುಡಿಸುತ್ತಿದ್ದರು. ಈಗ ಮೂರು, ನಾಲ್ಕು. ರಾಗ ಓಡುವುದು ಒಂದೇ ತಂತಿಯ ಮೇಲೆ. ಉಳಿದವು ಶ್ರುತಿ ಹಿಡಿದಿರುತ್ತವೆ. ಐದು ಸ್ವರದ ನಡೆ, ನಮ್ಮ ಕಿವಿಗೆ ಮೋಹನ ರಾಗಕ್ಕೆ ಬಹಳ ಹತ್ತಿರ.

ನನಗೆ ಮೈ ಜುಮ್ಮೆಂದದ್ದು ಅದರ ಮೆಟ್ಟಿಲು ನೋಡಿ, ಅಂದರೆ ಸ್ವರ ಹಿಡಿಯಲು ತಂತಿಯ ಕೆಳಗೆ ಇರುವ ಅಡ್ಡಕಡ್ಡಿಗಳು. ಚಿಕ್ಕಚಿಕ್ಕ ಕಡ್ಡಿಗಳನ್ನು ಮೇಣದಿಂದ ಅಂಟಿಸಿದ್ದರು. ಚುಚ್ಚದ ಸಣ್ಣ ಜೇನಿನ ಮೇಣ. ನಮ್ಮ ಮಿಸರಿ ಜೇನು, ಕರಾವಳಿಯವರು ಮುಜಂಟಿ ಅನ್ನುತ್ತಾರಲ್ಲ, ಅದೇ ಜಾತಿಯದು. ಒಂದು ಹಾಡು ಮುಗಿಯಿತು. ನುಡಿಸುತ್ತಿದ್ದವರು ಹೆಬ್ಬೆರಳಿನಿಂದ ಒಂದು ಕಡ್ಡಿಯನ್ನು ಒತ್ತಿ, ಮೇಣ ಮೆತ್ತಗಾಗುವ ತನಕ ಹಿಡಿದು, ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ತಂತಿ ಮೀಟಿ ತಲೆ ಅಲ್ಲಾಡಿಸಿದರು. ಮತ್ತೊಂದು ಚೂರು ಸರಿಸಿದರು. ಆಮೇಲೆ ಮುಂದಿನ ಹಾಡು. ವೀಣೆಯಲ್ಲೂ ಮೇಳ ಕಟ್ಟುವುದು, ಅಂದರೆ ಮೆಟ್ಟಿಲು ಕೂರಿಸುವುದು, ಮೇಣದಲ್ಲೇ, ನಿಮಗೆ ಗೊತ್ತಿರಬಹುದು. ಆದರೆ ನಾವು ಮೇಳ ಕಟ್ಟಲು ವಾದ್ಯವನ್ನು ಕುಶಲಕರ್ಮಿಯ ಹತ್ತಿರ ಕೊಂಡೊಯ್ಯುತ್ತೇವೆ. ಇವರು ಹಾಡಿನಿಂದ ಹಾಡಿಗೆ ಕೈಯಲ್ಲೇ ಬದಲಿಸುತ್ತಾರೆ. ಭಾಷೆ ಬರದಿದ್ದರೂ ನಾವಿಬ್ಬರೂ ತುಂಬ ಹೊತ್ತು ಆ ಮೇಣದ ಬಗ್ಗೆಯೇ ಕೈಸನ್ನೆಯಲ್ಲಿ ಮಾತಾಡಿದೆವು.

ಕುಣಿತಗಳಲ್ಲಿ ನನಗೆ ಹಿಡಿಸಿದ್ದು ಕಂಚೆತ್ ಲಾಸಾನ್. ಒಬ್ಬಳೇ ಹೆಂಗಸು, ಎರಡೂ ಕೈಯಲ್ಲಿ ಗರಿಯ ಗೊಂಚಲು. ಮೊಣಕಾಲು ಬಗ್ಗಿಸಿ ನಿಧಾನಕ್ಕೆ ಕೆಳಗಿಳಿದು, ಹಕ್ಕಿ ಕೊಂಬೆಯಿಂದ ಎದ್ದ ಹಾಗೆ ಏಳುತ್ತಾಳೆ. ಯುದ್ಧದ ಕುಣಿತಕ್ಕೆ ಜನ ಚಪ್ಪಾಳೆ ಜಾಸ್ತಿ ತಟ್ಟುತ್ತಾರೆ. ಕತ್ತಿ ಇದೆ, ಗುರಾಣಿ ಇದೆ, ಕೂಗು ಇದೆ. ಆದರೆ ಕಷ್ಟದ ಕುಣಿತ ಲಾಸಾನ್. ಕೊನೆಗೆ ಲೆಲೆಂಗ್. ಬೇಡದ ಮದುವೆಗೆ ಹೆತ್ತವರು ಒತ್ತಾಯಿಸಿದಾಗ ಕಾಡಿಗೆ ಓಡಿಹೋದ ಉತಾನ್ ಅಲೋಂಗ್ ಅನ್ನುವ ಹುಡುಗಿಯ ಕಥೆ. ನೋಡಲು ಬಂದವರನ್ನೂ ಕೈಹಿಡಿದು ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಕಥೆ ಗೊತ್ತಿಲ್ಲದೆ ಕುಣಿದರೆ ಸುಮ್ನೆ ಮೋಜು. ಗೊತ್ತಿದ್ದರೆ ಹೆಜ್ಜೆ ಭಾರವಾಗುತ್ತದೆ.

ಜೋಯಿಡಾ ಹಕ್ಕಿಗಣ್ಣು:

ವೀಣೆತಂತಿ ಅಕ್ಕ, ಆ ಗರಿಯ ಬಗ್ಗೆ ನನಗೆ ಕೇಳಬೇಕಿದೆ. ಬಿಳಿ ಗರಿ, ನಡುವೆ ಅಗಲ ಕಪ್ಪು ಪಟ್ಟಿ, ಅಲ್ವಾ? ಅದು ಮಂಗಟ್ಟೆಯ (ಹಾರ್ನ್‌ಬಿಲ್) ಬಾಲದ ಗರಿ. ಬೋರ್ನಿಯೋದಲ್ಲಿ ಅದು ಖಡ್ಗಮೃಗದ ಹಾಗೆ ಮೇಲಕ್ಕೆ ಬಾಗಿದ ಕೊಂಬಿರುವ ಮಂಗಟ್ಟೆ. ನಮ್ಮ ದಾಂಡೇಲಿ, ಜೋಯಿಡಾ ಕಾಡಿನ ದೊಡ್ಡ ಮಂಗಟ್ಟೆಗೆ ಹತ್ತಿರದ ದಾಯಾದಿ. ಬಾಲವೂ ಹೆಚ್ಚುಕಡಿಮೆ ಹಾಗೇ.

ಇದರ ಗೂಡಿನ ಕ್ರಮ ಗೊತ್ತಿರುವವರಿಗೆ ನನ್ನ ಆತಂಕ ಅರ್ಥವಾಗುತ್ತದೆ. ದೊಡ್ಡ ಹಳೆಯ ಮರದ ಪೊಟರೆಯೊಳಗೆ ಹೆಣ್ಣು ಸೇರಿಕೊಂಡು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸೀಳು. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಕೊಡಬೇಕು. ಆ ಗಂಡನ್ನು ಹೊಡೆದರೆ ಒಳಗಿರುವ ತಾಯಿಮರಿಗಳ ಜೀವಕ್ಕೇ ಸಂಚಕಾರ. ಬೋರ್ನಿಯೋದ ಇನ್ನೊಂದು ಮಂಗಟ್ಟೆಗೆ ನೆತ್ತಿಯ ಮೇಲೆ ಗಟ್ಟಿ ಕೊಂಬು ಇರುತ್ತದೆ. ಕೆತ್ತನೆಗೆ ಅಂತ ಕಳ್ಳಸಾಗಣೆ ಎಷ್ಟಾಯಿತೆಂದರೆ 2015ರಲ್ಲಿ ಅದನ್ನು ಅಳಿವಿನ ಅತಿ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಬೇಕಾಯಿತು. ಪಂಪಾಂಗಿನವರ ಗರಿ ಎಲ್ಲಿಂದ ಬರುತ್ತದೆ?

ಮಹಕಮ್ ದಂಡೆ:

ನಾನು ಮಾತಾಡಿಸಿದ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಗರಿಗಳನ್ನೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾರೆ. ಕುಣಿತ ಮುಗಿದ ತಕ್ಷಣ ಒಂದೊಂದೇ ಗರಿ ಎಣಿಸಿ ಒಳಗಿಡುವುದನ್ನು ನೋಡಿದ್ದೇನೆ. ಇಂಡೋನೇಷ್ಯಾದಲ್ಲಿ ಮಂಗಟ್ಟೆಗೆ ಕಾನೂನಿನ ರಕ್ಷಣೆ ಇದೆ. ಹೋಗುವವರಿಗೆ ನನ್ನ ಮಾತು ಇಷ್ಟೇ: ಗರಿ, ಉಗುರು, ಕೊಂಬು, ಹಲ್ಲು ಯಾರು ಮಾರಿದರೂ ಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಭಯಕ್ಕಲ್ಲ, ಆ ಹಕ್ಕಿಯ ಸಲುವಾಗಿ.

ಜೋಯಿಡಾ ಹಕ್ಕಿಗಣ್ಣು:

ಸಮಾಧಾನವಾಯಿತು. ನಮ್ಮ ಅರುಣಾಚಲದ ನಿಶಿ ಜನ ಟೋಪಿಗೆ ಮಂಗಟ್ಟೆಯ ನಿಜವಾದ ಕೊಕ್ಕಿನ ಬದಲು ಫೈಬರ್ ಕೊಕ್ಕು ಹಾಕಿಕೊಳ್ಳಲು ಶುರು ಮಾಡಿದ್ದಾರೆ. ಅವರ ಸಂಪ್ರದಾಯಕ್ಕೆ ಅದರಿಂದ ಒಂದು ಚೂರೂ ಕುಂದಾಗಿಲ್ಲ.

ಇತಿಹಾಸ ಮೇಷ್ಟ್ರು:

ಈ ಚರ್ಚೆಯಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಸಮರಿಂದಾದಿಂದ ಅದೇ ಮಹಕಮ್ ನದಿಯಲ್ಲಿ ಮೇಲಕ್ಕೆ ಹೋದರೆ ಮುವಾರಾ ಕಾಮನ್ ಅನ್ನುವ ಜಾಗವಿದೆ. ಅಲ್ಲಿ ಸಿಕ್ಕ ಏಳು ಯೂಪ (ಯಜ್ಞದ) ಕಂಬಗಳ ಮೇಲೆ ಸಂಸ್ಕೃತ ಶಾಸನಗಳಿವೆ. ಲಿಪಿ ದಕ್ಷಿಣ ಭಾರತದ್ದು, ಪಲ್ಲವರ ಕಾಲದ ಬಗೆಯದು. ಕಾಲ ಸುಮಾರು ಕ್ರಿ.ಶ. 400. ನಾಲ್ಕು ಕಂಬ 1879ರಲ್ಲಿ ಸಿಕ್ಕವು, ಮೂರು 1940ರಲ್ಲಿ. ಅವುಗಳಲ್ಲಿ ಬರುವ ಹೆಸರುಗಳು ಕುಂಡುಂಗ, ಅವನ ಮಗ ಅಶ್ವವರ್ಮ, ಮೊಮ್ಮಗ ರಾಜ ಮೂಲವರ್ಮ. ಮೂಲವರ್ಮ ಬ್ರಾಹ್ಮಣರಿಗೆ ಇಪ್ಪತ್ತು ಸಾವಿರ ಹಸು ದಾನ ಕೊಟ್ಟ ಅಂತ ಅದರಲ್ಲಿದೆ. ಇಲ್ಲಿ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಹೊತ್ತಿಗೆ ಅಲ್ಲಿ ಸಂಸ್ಕೃತ ಶಾಸನ! ಹಾಗಾದರೆ ದಯಾಕರೂ ಮೂಲದಲ್ಲಿ ನಮ್ಮ ಧರ್ಮದವರೇ ಅಂದುಕೊಳ್ಳಬಹುದಲ್ಲವೇ?

ಮಹಕಮ್ ದಂಡೆ:

ಮೇಷ್ಟ್ರೇ, ಶಾಸನದ ವಿಷಯ ಬರೆದದ್ದು ಒಳ್ಳೆಯದಾಯಿತು. ಮೂಲ ಕಂಬಗಳು ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಸಮರಿಂದಾದ ಹತ್ತಿರ ತೆಂಗರೋಂಗ್‌ನ ಮೂಲವರ್ಮನ್ ಮ್ಯೂಸಿಯಂನಲ್ಲಿ ಪ್ರತಿಕೃತಿ ನೋಡಬಹುದು. ಕನ್ನಡಿಗರು ಯಾರೇ ಬಂದರೂ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಆದರೆ ನಿಮ್ಮ ಕೊನೆಯ ಮಾತನ್ನು ಒಪ್ಪಲಾರೆ. ಅದು ಮಹಕಮ್ ದಂಡೆಯಲ್ಲಿ ಮೂಲವರ್ಮ ಆಳಿದ ಕುತಾಯ್ ರಾಜ್ಯದ ಕಥೆ. ಕೆನ್ಯಾ ಜನರು ಮಹಕಮ್ ಕಣಿವೆಯವರೇ ಅಲ್ಲ, ಅವರ ಬೇರು ಕಯಾನ್ ನದಿಯ ತಲೆಯಲ್ಲಿದೆ. ಅವರ ಹಳೆಯ ನಂಬಿಕೆಗಳು ಅವರವೇ: ಹಕ್ಕಿಶಕುನ, ಭತ್ತದ ಜೀವ, ಪ್ರೇತಗಳ ಊರು. 1940ರ ದಶಕದಲ್ಲಿ ಅವರೊಳಗೇ ಬುಂಗಾನ್ ಅನ್ನುವ ಸುಧಾರಿತ ಪಂಥವೂ ಹುಟ್ಟಿತ್ತು. ನೂರೆಂಟು ನಿಷೇಧಗಳ ಹೊರೆ ಇಳಿಸಿ, ಬುಂಗಾನ್ ದೇವತೆಯೊಬ್ಬಳನ್ನೇ ನೆನೆಯುವ ದಾರಿ ಅದು. ಆಮೇಲೆ ಹೆಚ್ಚಿನವರು ಕ್ರೈಸ್ತರಾದರು. ಮಧ್ಯ ಕಾಲಿಮಂತಾನ್‌ನ ನ್ಗಾಜು ದಯಾಕರ ಕಹರಿಂಗಾನ್ ಧರ್ಮವನ್ನು ಸರಕಾರ 1980ರಲ್ಲಿ ಹಿಂದೂ ಧರ್ಮದ ಜತೆ ಸೇರಿಸಿದ್ದು ನಿಜ. ಇಂಡೋನೇಷ್ಯಾದಲ್ಲಿ ಸರಕಾರ ಒಪ್ಪಿದ ಧರ್ಮಗಳ ಪಟ್ಟಿ ಚಿಕ್ಕದು. ಅದರೊಳಗೆ ಜಾಗ ಸಿಗಲು ಅವರು ಹಿಡಿದ ದಾರಿ ಅದು. ಅದನ್ನು ನೋಡಿ ಎಲ್ಲ ದಯಾಕರನ್ನೂ ನಮ್ಮವರು ಅನ್ನಲು ಹೊರಟರೆ, ಅವರ ಕಥೆಯನ್ನು ಅವರ ಬಾಯಿಂದ ಕೇಳುವ ಅವಕಾಶವನ್ನೇ ಕಳೆದುಕೊಳ್ಳುತ್ತೇವೆ.

ಸುರತ್ಕಲ್ ಕಡಲು:

ಹದಿನಾರು ನೂರು ವರ್ಷದ ಹಿಂದಿನ ನಂಟಿನ ಬಗ್ಗೆ ಮಾತಾಡಿದಿರಿ. ಇವತ್ತಿನ ನಂಟು ನಮ್ಮ ಕಣ್ಣೆದುರಿಗೇ ಇದೆ. ನವಮಂಗಳೂರು ಬಂದರಿಗೆ ಇಂಡೋನೇಷ್ಯಾದ ಕಲ್ಲಿದ್ದಲು ಬರುತ್ತದೆ. ಅಲ್ಲಿಂದ ರೈಲು ವ್ಯಾಗನ್‌ನಲ್ಲಿ ಕರೆಂಟ್ ಉತ್ಪಾದನೆಗೆ ಹೋಗುತ್ತದೆ. ಇಂಡೋನೇಷ್ಯಾದ ಕಲ್ಲಿದ್ದಲನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ನಮ್ಮದೂ ಒಂದು. ಅಲ್ಲಿ ಅತಿ ಹೆಚ್ಚು ತೆಗೆಯುವುದು ಪೂರ್ವ ಕಾಲಿಮಂತಾನ್‌ನಲ್ಲಿ. ಪಂಪಾಂಗ್ ಸುತ್ತಮುತ್ತ ಏನಾಗುತ್ತಿದೆ? ಅಣ್ಣಾ, ನೀವು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ.

ಮಹಕಮ್ ದಂಡೆ:

ಬರೆಯುತ್ತೇನೆ. ನಾನು ಇರುವುದೂ ಕಲ್ಲಿದ್ದಲು ಸಾಗಣೆಯ ಕೆಲಸದಲ್ಲೇ. ಬಾರ್ಜುಗಳ ವೇಳಾಪಟ್ಟಿ ನೋಡಿಕೊಳ್ಳುತ್ತೇನೆ. ಮಹಕಮ್ ಸೇತುವೆಯ ಕೆಳಗೆ ಹಗಲೂ ರಾತ್ರಿ ಟಗ್ ದೋಣಿಗಳು ಎಳೆದುಕೊಂಡು ಹೋಗುವ ಕಪ್ಪು ಗುಡ್ಡಗಳಿವೆಯಲ್ಲ, ಅವು. ನದಿಬಾಯಿಯ ಆಚೆ, ಸಮುದ್ರದಲ್ಲಿ, ತೇಲುವ ಕ್ರೇನ್‌ಗಳು ಅದನ್ನು ದೊಡ್ಡ ಹಡಗಿಗೆ ತುಂಬುತ್ತವೆ.

ಸಮರಿಂದಾ ನಗರದ ಸುತ್ತ ಗಣಿಯ ಹೊಂಡಗಳು ತುಂಬಿವೆ. ಅಗೆದವರು ಮುಚ್ಚಬೇ‌ಕು ಅಂತ ನಿಯಮ ಇದೆ, ಎಷ್ಟೋ ಕಡೆ ಮುಚ್ಚಿಲ್ಲ. ಮಳೆನೀರು ನಿಂತು ಹಸಿರು ಕೆರೆಯಂತೆ ಕಾಣುತ್ತವೆ. ಮಕ್ಕಳು ಈಜಲು ಇಳಿಯುತ್ತಾರೆ. 2011ರಿಂದೀಚೆಗೆ ಈ ಪ್ರಾಂತ್ಯದ ಹೊಂಡಗಳಲ್ಲಿ ಸತ್ತವರ ಸಂಖ್ಯೆ 40 ದಾಟಿದೆ, ಬಹುಪಾಲು ಮಕ್ಕಳು. 2025ರ ಏಪ್ರಿಲ್‌ನಲ್ಲಿ ಸಮರಿಂದಾದ ಮೂಲವರ್ಮನ್ ವಿಶ್ವವಿದ್ಯಾಲಯದ ತರಬೇತಿ ಕಾಡಿನೊಳಗೇ ಅಕ್ರಮ ಗಣಿಗಾರಿಕೆ ಪತ್ತೆಯಾಯಿತು. ಮೂರು ಹೆಕ್ಟೇರಿಗೂ ಜಾಸ್ತಿ ಜಾಗ ಅಗೆದಿದ್ದರು. ಆ ಕಾಡು ಇರುವುದು ನಗರದ ಉತ್ತರಕ್ಕೆ, ಪಂಪಾಂಗ್ ಇರುವ ದಿಕ್ಕಿನಲ್ಲೇ.

ಕುಮರಿ ಬೇಸಾಯಕ್ಕೆ ಬೇಕಾದದ್ದು ಜಾಗ ಮತ್ತು ಕಾಲ. ಒಂದು ತುಂಡು ಕಡಿದು, ಸುಟ್ಟು, ಬೆಳೆ ತೆಗೆದು, ಮತ್ತೆ ವರ್ಷಗಟ್ಟಲೆ ಕಾಡು ಬೆಳೆಯಲು ಬಿಡಬೇಕು. ಬಿಟ್ಟ ಜಾಗ ಹೊರಗಿನವರ ಕಣ್ಣಿಗೆ ಪಾಳು. ಗಣಿಯವರಿಗೂ ಲೇಔಟ್ ಮಾಡುವವರಿಗೂ ಅದು ಖಾಲಿ ಜಾಗ. ಒಂದು ಕಡೆ ಗಣಿ, ಇನ್ನೊಂದು ಕಡೆ ವಿಮಾನ ನಿಲ್ದಾಣ. ಅದರ ಮೇಲೆ 2019ರ ಆಗಸ್ಟ್‌ನಲ್ಲಿ ದೇಶದ ಹೊಸ ರಾಜಧಾನಿ ಇದೇ ಪ್ರಾಂತ್ಯದಲ್ಲಿ ಅಂತ ಘೋಷಣೆಯಾಯಿತು. ನುಸಂತಾರಾ ಕಟ್ಟುತ್ತಿರುವುದು ಸಮರಿಂದಾದ ದಕ್ಷಿಣಕ್ಕೆ, ಸೆಪಾಕು ಭಾಗದಲ್ಲಿ. ಅಲ್ಲಿನ ಮೂಲನಿವಾಸಿ ಬಾಲಿಕ್ ಜನ ಈಗಾಗಲೇ ತಮ್ಮ ನೆಲದ ಸಲುವಾಗಿ ದನಿ ಎತ್ತಿದ್ದಾರೆ.

2013ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ ದೊಡ್ಡ ತೀರ್ಪು ಕೊಟ್ಟಿತು. ಬುಡಕಟ್ಟು ಸಮುದಾಯದ ಅರಣ್ಯ ಸರಕಾರದ ಅರಣ್ಯ ಅಲ್ಲ ಅಂತ. ಆದರೆ ಆ ಹಕ್ಕು ಕೈಗೆ ಬರಬೇಕಾದರೆ ಮೊದಲು ಸ್ಥಳೀಯ ಸರಕಾರ ಆ ಸಮುದಾಯವನ್ನು ಒಪ್ಪಿಕೊಂಡು ಆದೇಶ ಹೊರಡಿಸಬೇಕು. ಐವತ್ತು ವರ್ಷದ ಹಿಂದೆ ವಲಸೆ ಬಂದು, ನಗರದ ವಾರ್ಡಿನಲ್ಲಿ ಇರುವವರು ಇದು ನಮ್ಮ ಪೂರ್ವಜರ ಕಾಡು ಅಂತ ಹೇಗೆ ತೋರಿಸಬೇಕು? ನನಗೆ ಕಾಣುವ ದೊಡ್ಡ ಅಪಾಯ ಇದು. ಭಾನುವಾರದ ಪ್ರವಾಸಿಗಳಿಂದ ಪಂಪಾಂಗ್ ಹಾಳಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಉಳಿದ ಆರು ದಿನ ಅವರು ಬೇಸಾಯ ಮಾಡಲು ನೆಲ ಉಳಿಯದಿದ್ದರೆ ಹಾಳಾಗುತ್ತದೆ. ಮಲೆನಾಡಿನ ಮಗಳು ಅವರು ಮೊದಲೇ ಹೇಳಿದ ಜಮೀನಿನ ಅರ್ಜಿಯ ಮಾತು ಇದೇ.

ಮಲೆನಾಡಿನ ಮಗಳು:

ಹೌದು ಸರ್. ಇಷ್ಟು ಬಿಚ್ಚಿ ಬರೆದದ್ದಕ್ಕೆ ಧನ್ಯವಾದ. ಚಿಕ್ಕ ಮಕ್ಕಳು ಪ್ರವಾಸಿಗಳ ಮುಂದೆ ಕುಣಿಯುವುದನ್ನು ಮಾತ್ರ ನನ್ನ ಮನಸ್ಸು ಈಗಲೂ ಪೂರ್ತಿ ಒಪ್ಪುತ್ತಿಲ್ಲ. ಅದು ಇರಲಿ. ಹೋದರೆ ಊರಿನವರಿಗೆ ನೇರ ಉಪಯೋಗ ಆಗುವ ಹಾಗೆ ಏನು ಕೊಳ್ಳಬಹುದು?

ಜಕಾರ್ತಾ ಅತ್ತಿಗೆ:

ನಾನು ಹೇಳುತ್ತೇನೆ. ಮಣಿಯ ಕೆಲಸ ತಗೊಳ್ಳಿ. ನಮ್ಮೆಜಮಾನರಿಗೆ ಸಮರಿಂದಾದಲ್ಲಿ ಕೆಲಸ ಇದ್ದಾಗ ಲಾಮಿನ್ ಪಕ್ಕದ ಒಂದು ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಒಬ್ಬ ಹೆಂಗಸು ತಟ್ಟೆಯಲ್ಲಿ ಹಳದಿ, ಕಪ್ಪು, ಬಿಳಿ, ಕೆಂಪು ಮಣಿ ಬೇರೆಬೇರೆ ಗುಡ್ಡೆ ಮಾಡಿಕೊಂಡಿದ್ದರು. ಸಾಸಿವೆಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಎರಡೆರಡು ದಾರ ಹಿಡಿದು, ಮಣಿ ಪೋಣಿಸಿ, ಗಂಟು ಹಾಕಿ, ಮತ್ತೆ ಪೋಣಿಸಿ. ಬಲೆಯ ಹಾಗೆ ಬಟ್ಟೆಯೇ ಬೆಳೆಯುತ್ತದೆ. ಒಂದು ಮಣಿ ತಪ್ಪಿದರೆ ಚಿತ್ರದ ಸುರುಳಿ ಮುರಿಯುತ್ತದೆ, ಆಗ ಬಿಚ್ಚಿ ಮೊದಲಿಂದ. ಅಂಗೈ ಅಗಲದ ತುಂಡಿಗೆ ಎಷ್ಟು ಹೊತ್ತು ಬೇಕು ಅಂತ ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಮಗುವನ್ನು ಬೆನ್ನಿಗೆ ಹೊರುವ ಬುಟ್ಟಿಗೆ ಹೊದಿಸುವ ಮಣಿ ಹಾಸು ಎಲ್ಲಕ್ಕಿಂತ ಚೆಂದ. ಅದರಲ್ಲಿ ಒಂದು ವಿಷಯ ತಿಳಿದಿರಿ. ಕೆನ್ಯಾ ಸಮಾಜದಲ್ಲಿ ಪಾರೆನ್ ಅನ್ನುವ ಮುಖಂಡ ಮನೆತನಗಳು ಬೇರೆ, ಸಾಮಾನ್ಯರು ಬೇರೆ. ಮನುಷ್ಯನ ಪೂರ್ತಿ ಆಕೃತಿ, ಹುಲಿಯ ಚಿತ್ರ ಇವನ್ನೆಲ್ಲ ಹಿಂದೆ ಪಾರೆನ್ ಮನೆಯವರು ಮಾತ್ರ ಹಾಕಬಹುದಿತ್ತು. ಬೋರ್ನಿಯೋದಲ್ಲಿ ಹುಲಿಯೇ ಇಲ್ಲ, ಆದರೂ ಹುಲಿಗೆ ಅಷ್ಟು ಗೌರವ. ಈಗ ಕೊಳ್ಳುವವರು ಹೆಚ್ಚಾಗಿ ಹೊರಗಿನವರು, ಕಟ್ಟುಪಾಡು ಸಡಿಲವಾಗಿದೆ. ಆದರೂ ಹಳೆಯ ತಲೆಗಳು ಯಾವ ಚಿತ್ರ ಯಾರದು ಅಂತ ಇವತ್ತಿಗೂ ಹೇಳುತ್ತಾರೆ. ಕೇಳಿಕೊಂಡು ತಗೊಂಡರೆ ಮನೆಗೆ ತಂದ ಮೇಲೂ ಅದಕ್ಕೊಂದು ಕಥೆ ಇರುತ್ತದೆ. ಬೆತ್ತದ ಅಂಜತ್ ಬುಟ್ಟಿಯೂ ಗಟ್ಟಿ, ನನ್ನದರಲ್ಲಿ ಈಗಲೂ ತರಕಾರಿ ತರುತ್ತೇನೆ. ಪೇಟೆಯ ಅಂಗಡಿಗಿಂತ ಹೆಣೆದವರ ಕೈಯಿಂದಲೇ ಕೊಳ್ಳಿ.

ಸುತ್ತಾಟ ಶಿವಮೊಗ್ಗ:

ನಾವು ನಾಲ್ಕು ಜನ ಹೋಗುವ ಯೋಚನೆಯಲ್ಲಿದ್ದೇವೆ. ಹೇಗೆ ತಲುಪುವುದು, ಊಟಕ್ಕೆ ಏನು, ಅಲ್ಲಿ ಹೇಗೆ ನಡೆದುಕೊಳ್ಳಬೇಕು, ಸ್ವಲ್ಪ ತಿಳಿಸ್ತೀರಾ? ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು.

ಮಹಕಮ್ ದಂಡೆ:

ಜಕಾರ್ತಾ ಅಥವಾ ಸುರಬಾಯಾದಿಂದ ಬಾಲಿಕ್‌ಪಾಪನ್‌ಗೆ ವಿಮಾನ ಹಿಡಿಯಿರಿ, ಇಲ್ಲವೇ ನೇರ ಸಮರಿಂದಾಗೆ. ಸಮರಿಂದಾ ನಿಲ್ದಾಣದಿಂದ ಪಂಪಾಂಗ್ ಹತ್ತಿರ. ಬಾಲಿಕ್‌ಪಾಪನ್‌ನಿಂದಾದರೆ ಸಮರಿಂದಾದವರೆಗೆ ಸುಮಾರು 100 ಕಿ.ಮೀ. ಟೋಲ್ ರಸ್ತೆ ಇದೆ. ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಳ್ಳಿಯ ಒಳತನಕ ಬಸ್ ನಂಬಿಕೊಳ್ಳಬೇಡಿ, ನಾಲ್ಕು ಜನಕ್ಕೆ ಒಂದು ಕಾರು ಮಾಡಿಕೊಳ್ಳುವುದೇ ಸಲೀಸು.

ಶನಿವಾರವೇ ಸಮರಿಂದಾಗೆ ಬಂದು ಉಳಿಯಿರಿ. ಭಾನುವಾರ ಹನ್ನೆರಡರ ಹೊತ್ತಿಗೆ ಪಂಪಾಂಗ್ ಸೇರಿ. ಅದಕ್ಕಿಂತ ಮೊದಲು ಹೋದರೆ ಊರಿನವರು ಚರ್ಚಿನಲ್ಲಿರುತ್ತಾರೆ, ಆಗ ಕ್ಯಾಮೆರಾ ಹಿಡಿದು ಮನೆಗಳ ಸುತ್ತ ಓಡಾಡುವುದು ಸರಿಯಲ್ಲ. ಸಸ್ಯಾಹಾರಿಗಳು ಅನ್ನ, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ), ತೋಫು, ಸೊಪ್ಪಿನ ಪಲ್ಯ ಕೇಳಿ. ಸಾಂಬಾಲ್ ಚಟ್ನಿಯಲ್ಲಿ ಹೆಚ್ಚಾಗಿ ಸೀಗಡಿ ಇರುತ್ತದೆ, ಅದನ್ನು ಹಾಕಬೇಡಿ ಅಂತ ಮೊದಲೇ ಹೇಳಿ. ಸಮರಿಂದಾದಲ್ಲೇ ಊಟ ಕಟ್ಟಿಸಿಕೊಂಡರೆ ಇನ್ನೂ ಒಳ್ಳೆಯದು.

ಚಿಲ್ಲರೆ ನೋಟು ಇಟ್ಟುಕೊಳ್ಳಿ. ಹತ್ತು ಸಾವಿರ ರುಪಿಯಾ ಅಂದರೆ ನಮ್ಮ 50 ರೂಪಾಯಿ ಆಸುಪಾಸು, ನೋಟಿನ ಸೊನ್ನೆ ನೋಡಿ ಗಾಬರಿಯಾಗಬೇಡಿ. ಪ್ರವೇಶಕ್ಕೆ ಒಂದು ದರ, ವೇಷ ಹಾಕಿದವರ ಜತೆ ಫೋಟೊಗೆ ಬೇರೆ ದರ. ಮೊದಲೇ ಕೇಳಿ, ಕೊಟ್ಟು, ಆಮೇಲೆ ಫೋಟೊ ತೆಗೆಯಿರಿ. ಫೋಟೊ ಬೇಡ ಅಂದವರನ್ನು ಒತ್ತಾಯಿಸಬೇಡಿ. ಅಜ್ಜಿಯರ ಕಿವಿ ಮುಟ್ಟಲು ಕೈ ಚಾಚುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕುಣಿತ ಮುಗಿದ ಕೂಡಲೇ ಕಾರು ಹತ್ತಬೇಡಿ. ಪ್ರವಾಸಿಗಳೆಲ್ಲ ಹೊರಟ ಮೇಲೆ ವೇಷ ಕಳಚಿ ಜನ ಜಗಲಿಯಲ್ಲಿ ಕೂರುತ್ತಾರೆ. ಆಗ ಮಾತಿಗೆ ಸಿಗುತ್ತಾರೆ. ಅಪೊ ಕಯಾನ್‌ನಿಂದ ಬಂದ ದಾರಿಯ ಬಗ್ಗೆ ಕೇಳಿ. ನಡೆದು ಬಂದವರಲ್ಲಿ ಕೆಲವರು ಇನ್ನೂ ಇದ್ದಾರೆ. ಆಗ ಮಕ್ಕಳಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಇಂಡೋನೇಷ್ಯಾ ಭಾಷೆ ಬರುವ ಡ್ರೈವರ್ ಜತೆಗಿದ್ದರೆ ಸಾಕು, ಸಂಜೆಯತನಕ ಹೇಳುತ್ತಾರೆ.

ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಆ ಭಾನುವಾರ ನನಗೆ ರಜೆ ಇದ್ದರೆ ನಾನೂ ಬರುತ್ತೇನೆ.